ಕೇಳದೆ ಉಳಿದ ತಟ್ಟೆಗಳು

ಪ್ರಾಚೀನ ಸಾಹಿತ್ಯವನ್ನು ಓದುವವರಿಗೆಲ್ಲ ಒಂದು ವಿಷಾದ ಪರಿಚಿತವಾದದ್ದು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ಗದ್ಯಕಾರರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರನ್ನು ಗೌರವದಿಂದ ಎತ್ತುತ್ತದೆ. ಅವರ ಆ ಗದ್ಯಗ್ರಂಥಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ'ವನ್ನು ನಾವು ಬಲ್ಲುದು ನಂತರದವರು ತಮ್ಮ ಸಂಕಲನಗಳಿಗೆ ಆಯ್ದುಕೊಂಡ ಬಿಡಿಪದ್ಯಗಳ ಮೂಲಕ ಮಾತ್ರ. ಓಲೆಗರಿ ಜೀರ್ಣವಾಗುವ ಮುನ್ನ ಯಾರಾದರೊಬ್ಬರು ಕುಳಿತು ಪ್ರತಿ ಮಾಡಿದರೆ ಕೃತಿ ಉಳಿಯಿತು, ಇಲ್ಲವಾದರೆ ಹೋಯಿತು. ಹೋದದ್ದೆಲ್ಲ ಕೀಳಾಗಿತ್ತು, ಉಳಿದದ್ದೆಲ್ಲ ಮೇಲಾಗಿತ್ತು ಎಂದು ಹೇಳುವ ಧೈರ್ಯ ಯಾವ ಸಾಹಿತ್ಯ ಚರಿತ್ರಕಾರನಿಗೂ ಇಲ್ಲ.

ಸಂಗೀತವನ್ನು ಕುರಿತ ಮಾತಿಗೆ ಇದನ್ನು ಪೀಠಿಕೆಯಾಗಿ ಹೇಳಲು ಕಾರಣವಿದೆ. ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದು ನೂರಿಪ್ಪತ್ತು ವರ್ಷಗಳು ಮೀರಿವೆ. ಈ ಅವಧಿಯಲ್ಲಿ ಹಾಡನ್ನು ತುಂಬಿಡುವ ಪಾತ್ರೆ ಐದಾರು ಸಲ ಬದಲಾಯಿತು. ಮೊದಲು ಅರಗಿನ ತಟ್ಟೆ, ಆಮೇಲೆ ಬಹಳ ಹೊತ್ತು ಸುತ್ತುವ ಲಾಂಗ್ ಪ್ಲೇ ತಟ್ಟೆ, ಅದರ ಹಿಂದೆ ಕ್ಯಾಸೆಟ್ಟು, ಬಳಿಕ ಸಿ.ಡಿ.; ಈಗ ಅಂಗೈಯೊಳಗಿನ ದೂರವಾಣಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗಲೆಲ್ಲ ಕೆಲವು ಹಾಡುಗಳು ಹಿಂದೆ ಉಳಿದವು. ಮಾರಾಟವಾಗುವ ಭರವಸೆ ಇದ್ದುದನ್ನು ಪ್ರತಿ ಮಾಡಿದರು, ಉಳಿದುದನ್ನು ಬಿಟ್ಟರು. ಓಲೆಗರಿಯ ಕಾಲದಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು.

ಇನ್ನೊಂದು ಕಾರಣವೂ ಉಂಟು. ಹಿಂದೂಸ್ತಾನಿ, ಕರ್ನಾಟಕಿ, ಸುಗಮ ಸಂಗೀತ, ಚಿತ್ರಗೀತೆ, ಪಾಶ್ಚಾತ್ಯ ಸಂಗೀತ ಎಂದು ನಾವು ಗೂಡುಗಳನ್ನು ಮಾಡಿಟ್ಟುಕೊಂಡಿದ್ದೇವೆ. ಎರಡು ಗೂಡುಗಳಿಗೂ ಸೇರಬಹುದಾದ ಹಾಡನ್ನು ಯಾವ ಗೂಡಿನ ಯಜಮಾನನೂ ತನ್ನದೆಂದು ಕರೆಯುವುದಿಲ್ಲ. ಕರ್ನಾಟಕವಂತೂ ಎರಡು ಶಾಸ್ತ್ರೀಯ ಪದ್ಧತಿಗಳು ಕೂಡುವ ನಾಡು. ನಮ್ಮಲ್ಲಿ ಇಂಥ ಹಾಡುಗಳು ಹೆಚ್ಚು. ಆದುದರಿಂದಲೇ ನಮ್ಮ ಮರೆವೂ ಹೆಚ್ಚು. ಹೀಗೆ ಬದಿಗೆ ಸರಿದ ಕೆಲವು ಧ್ವನಿಮುದ್ರಣಗಳನ್ನು ಇಂದು ನಿಮ್ಮ ಗಮನಕ್ಕೆ ತರಬೇಕೆಂಬುದು ನನ್ನ ಉದ್ದೇಶ. ಇವು ದೊರೆಯದ ವಸ್ತುಗಳೇನಲ್ಲ. ಹುಡುಕಿದರೆ ಕಿವಿಗೆ ಬೀಳುವಂಥವೇ. ಹುಡುಕುವವರು ಕಡಿಮೆ, ಅಷ್ಟೆ.

ಮೊದಲು ಆ ತಟ್ಟೆಯ ಸ್ವಭಾವವನ್ನು ತಿಳಿಯಬೇಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ತನ್ನ ಯಂತ್ರವನ್ನು ಹೂಡಿದ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು; ದನಿಯ ಅದುರು ಮೇಣದ ಮೇಲೆ ಗೀರಾಗಿ ಇಳಿಯುತ್ತದೆ. ಆ ಅಚ್ಚು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅರಗಿನ ತಟ್ಟೆಯಾಗಿ ಮರಳಿ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಆರಂಭವಾಗುವವರೆಗೂ ಇದೇ ಕ್ರಮ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದ ನಮ್ಮ ವಿದ್ವಾಂಸರಿಗೆ ಇದೊಂದು ದೊಡ್ಡ ಕಟ್ಟುಪಾಡು. ಕೆಲವರು ಇದನ್ನು ತಿರಸ್ಕರಿಸಿದರು. ಕೆಲವರು ಮೂರು ನಿಮಿಷದೊಳಗೆ ರಾಗದ ಮುಖವನ್ನು ಪೂರ್ತಿ ಕಾಣಿಸುವ ವಿದ್ಯೆಯನ್ನು ಸಾಧಿಸಿದರು.

ಆ ವಿದ್ಯೆಯನ್ನು ಮೊದಲು ಕೈವಶ ಮಾಡಿಕೊಂಡವರಲ್ಲಿ ಗೌಹರ್ ಜಾನ್ ಒಬ್ಬರು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಇಂದಿಗೂ ಕೇಳಿಸುತ್ತದೆ. ಅದು ಅಹಂಕಾರದ ಮಾತಲ್ಲ. ಹ್ಯಾನೋವರಿನ ಕೆಲಸಗಾರರು ಹಾಡಿದವರು ಯಾರೆಂದು ಗುರುತಿಸಲು ಮಾಡಿಕೊಂಡಿದ್ದ ಏರ್ಪಾಡು. ದೇಶವೆಲ್ಲ ಕೊಂಡಾಡಿದ ಈ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಹೆಸರು ಈಚೆಗೆ ಮತ್ತೆ ಪ್ರಚಾರಕ್ಕೆ ಬಂದಿದೆ. ಆದುದರಿಂದ ನನ್ನ ಪಟ್ಟಿಯನ್ನು ಅವರಿಂದಾಚೆಗೆ ಆರಂಭಿಸುತ್ತೇನೆ.

ಮೊದಲನೆಯದು ಉಸ್ತಾದ್ ಅಬ್ದುಲ್ ಕರೀಮ್ ಖಾನರ ಒಂದೆರಡು ತಟ್ಟೆಗಳು. ಕಿರಾಣಾ ಘರಾಣೆಯ ಈ ಮಹಾನುಭಾವರು ಹಾಡಿದ ಭೈರವಿಯ ಠುಮ್ರಿಯನ್ನು ಕೇಳದ ರಸಿಕರಿಲ್ಲ. ಆದರೆ 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಅವರು ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನೂ ಸಾವೇರಿ ರಾಗದ ಸ್ವರಪ್ರಸ್ತಾರವನ್ನೂ ಹಾಡಿಕೊಟ್ಟದ್ದನ್ನು ಬಲ್ಲವರು ಎಷ್ಟು ಮಂದಿ? ಉತ್ತರದ ಕೈರಾನಾದಲ್ಲಿ ಹುಟ್ಟಿ, ಮೀರಜಿನಲ್ಲಿ ನೆಲೆನಿಂತು, ಧಾರವಾಡ, ಮೈಸೂರುಗಳಿಗೆ ಓಡಾಡುತ್ತಿದ್ದ ಈ ಗಾಯಕರು ದಕ್ಷಿಣದ ಸ್ವರಗಾನವನ್ನು ಮನಸ್ಸಿಟ್ಟು ಕೇಳಿದವರು. ಆ ತಟ್ಟೆಯಲ್ಲಿ ತೆಲುಗಿನ ಉಚ್ಚಾರಣೆ ನಮ್ಮ ಕಿವಿಗೆ ಬೇರೆಯಾಗಿ ತೋರಬಹುದು. ಗಮಕಗಳು ನಾವು ನಿರೀಕ್ಷಿಸುವ ಜಾಗದಲ್ಲಿ ಬಾರದಿರಬಹುದು. ಕರ್ನಾಟಕಿ ಪಂಡಿತರು ಅದನ್ನು ತಮ್ಮದಲ್ಲವೆಂದರು. ಹಿಂದೂಸ್ತಾನಿಯವರು ವಿನೋದವೆಂದು ಪಕ್ಕಕ್ಕಿಟ್ಟರು. ನನಗಾದರೋ ಅದು, ಒಂದು ಪದ್ಧತಿಯಲ್ಲಿ ಸಿದ್ಧಿ ಪಡೆದ ಹಿರಿಯರೊಬ್ಬರು ಇನ್ನೊಂದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ ಕೇಳಿಸುತ್ತದೆ. 1937ರಲ್ಲಿ ಅವರು ತೀರಿಕೊಂಡದ್ದೂ ಪಾಂಡಿಚೇರಿಯತ್ತ ಹೊರಟ ದಕ್ಷಿಣದ ಪ್ರಯಾಣದಲ್ಲಿಯೇ.

ಎರಡನೆಯದು ಇನ್ನೂ ಹತ್ತಿರದ್ದು. ಅದೇ 1930ರ ದಶಕದ ಕೆಲವು ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿದೆ. ದನಿ ಎಳೆಯದು, ಎತ್ತರದ ಶ್ರುತಿಯದು, ಜಿಂಕೆಯಂತೆ ಚುರುಕಾಗಿ ನೆಗೆಯುವಂಥದು. ಅದು ಯಾರ ದನಿಯೆಂದು ಹೇಳದೆ ಕೇಳಿಸಿದರೆ ಸಂಗೀತ ಬಲ್ಲವರೂ ತಬ್ಬಿಬ್ಬಾಗುತ್ತಾರೆ. ಅದು ಮುಂದೆ ಗಂಗೂಬಾಯಿ ಹಾನಗಲ್ ಎಂದು ನಾಡೆಲ್ಲ ನಮಿಸಿದವರ ತಾರುಣ್ಯದ ಕಂಠ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ದನಿ ಇಳಿಯಿತು, ಗಡುಸಾಯಿತು. ಆ ಹೊಸ ದನಿಯನ್ನೇ ತಮ್ಮ ಸಂಪತ್ತಾಗಿ ಮಾಡಿಕೊಂಡು, ಕುಂದಗೋಳದ ಸವಾಯಿ ಗಂಧರ್ವರಿಂದ ಪಡೆದ ವಿದ್ಯೆಯನ್ನು ಅವರು ಶಿಖರಕ್ಕೆ ಮುಟ್ಟಿಸಿದ ಕಥೆ ಎಲ್ಲರಿಗೂ ತಿಳಿದಿದೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಒಲಿಯಲೆಂದು ತಮ್ಮ ಹಾಡಿಕೆಯನ್ನೇ ಹಿಂದಕ್ಕೆ ಸರಿಸಿದ ತ್ಯಾಗಮಯಿ.

ಆ ಮೊದಲ ಕಂಠ ಈಗ ಉಳಿದಿರುವುದು ಈ ತಟ್ಟೆಗಳಲ್ಲಿ ಮಾತ್ರ. ಅವುಗಳಲ್ಲಿ ರಾಗಗಳೂ ಇವೆ, ಮರಾಠಿ ಭಾವಗೀತೆಗಳೂ ಇವೆ, ಜಿ. ಎನ್. ಜೋಶಿಯವರೊಡನೆ ಹಾಡಿದ ಯುಗಳಗೀತೆಗಳೂ ಉಂಟು. ಶಾಸ್ತ್ರೀಯದ ಹಿರಿಯರೆಂದು ಅವರನ್ನು ಗೌರವಿಸಿದವರಿಗೆ ಭಾವಗೀತೆ ಬೇಕಾಗಲಿಲ್ಲ. ಭಾವಗೀತೆ ಬೇಕಾದವರಿಗೆ ಗಾಂಧಾರಿ ಯಾರೆಂದು ಗೊತ್ತಿರಲಿಲ್ಲ. ಒಬ್ಬ ಕಲಾವಿದೆಯ ಬದುಕಿನ ಪೂರ್ವಾರ್ಧ ಹೀಗೆ ಗೂಡುಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು. ಅವರ ಉತ್ತರಾರ್ಧದ ಗಾಂಭೀರ್ಯವನ್ನು ನಿಜವಾಗಿ ಅಳೆಯಬೇಕಾದವರು ಈ ಎಳೆಯ ದನಿಯನ್ನು ಒಮ್ಮೆಯಾದರೂ ಕೇಳಬೇಕು. ಏನನ್ನು ಕಳೆದುಕೊಂಡು ಅವರು ಏನನ್ನು ಪಡೆದರೆಂಬುದು ಆಗ ತಿಳಿಯುತ್ತದೆ.

ಮೂರನೆಯದಾಗಿ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳು. ಅವರ ಆರಂಭದ ತಟ್ಟೆಗಳಲ್ಲಿ ಗೌಡಮಲ್ಹಾರ, ಅಡಾಣಾ ರಾಗಗಳು ಸೇರಿವೆ. ಮೀರಜಿನ ನೀಲಕಂಠ ಬುವಾ ಅವರಿಂದ ಕಲಿತ ಗ್ವಾಲಿಯರ್ ಘರಾಣೆಯ ಚೊಕ್ಕತನ ಅವುಗಳಲ್ಲಿದೆ. ಮಂಜೀಖಾನ್, ಬುರ್ಜೀಖಾನರ ಬಳಿ ಸಾಧಿಸಿದ ಜೈಪುರ-ಅತ್ರೌಲಿಯ ತೊಡಕಿನ ಸೊಬಗು ಆಮೇಲಿನದು. ಆದರೆ ಕನ್ನಡದ ಅಧ್ಯಾಪಕನಾಗಿ ನನಗೆ ಮುಖ್ಯವೆನಿಸುವುದು ಅವರ ವಚನಗಾಯನ. ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿಗೆ ತಂದದ್ದು 1923ರಲ್ಲಿ. ಓಲೆಗರಿಯಿಂದ ಕಾಗದಕ್ಕೆ ಬಂದ ವಚನವನ್ನು ಕಾಗದದಿಂದ ಕಂಠಕ್ಕೆ ತಂದವರಲ್ಲಿ ಮನಸೂರರು ಪ್ರಮುಖರು.

ವಚನಕ್ಕೆ ಪಲ್ಲವಿಯಿಲ್ಲ, ಚರಣವಿಲ್ಲ, ನಿಯತವಾದ ಮಾತ್ರಾಗಣವೂ ಇಲ್ಲ. ಅದನ್ನು ತಾಳಕ್ಕೆ ಕಟ್ಟುವುದು ಸುಲಭದ ಕೆಲಸವಲ್ಲ. ಮನಸೂರರು ಮಾತಿನ ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಸ್ವರವನ್ನು ನಿಲ್ಲಿಸುತ್ತಾರೆ. ತರಗತಿಯಲ್ಲಿ ಅಕ್ಕಮಹಾದೇವಿಯ ವಚನವನ್ನು ವಿವರಿಸುವ ಮುನ್ನ ನಾನು ಈ ಗಾಯನವನ್ನು ಕೇಳಿಸುತ್ತಿದ್ದೆ. ಒಂದು ಸಂಬೋಧನೆಯನ್ನು ಅವರು ಮೂರು ಬಗೆಯಾಗಿ ಕರೆದಾಗ, ಅದರಲ್ಲಿನ ಬೇಡಿಕೆ, ಹಟ, ಶರಣಾಗತಿಗಳನ್ನು ವಿದ್ಯಾರ್ಥಿಗಳಿಗೆ ನಾನು ಬೇರೆಯಾಗಿ ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ. ಮನಸೂರರ ಅಪರೂಪದ ರಾಗಗಳನ್ನು ಹುಡುಕುವ ರಸಿಕರು ವಚನಗಳನ್ನು ಭಕ್ತಿಗೀತೆಯೆಂದು ದಾಟಿಹೋಗುತ್ತಾರೆ. ಅದು ನಷ್ಟದ ವ್ಯಾಪಾರ.

ಭಕ್ತಿಯಿಂದ ಭಾವಗೀತೆಗೆ ಬಂದರೆ ಪಿ. ಕಾಳಿಂಗರಾಯರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1914ರಲ್ಲಿ ಉಡುಪಿಯ ಕಡೆಯ ಆರೂರಿನಲ್ಲಿ ಹುಟ್ಟಿ, ನಾಟಕರಂಗದಲ್ಲಿ ಬೆಳೆದು, ಎರಡೂ ಶಾಸ್ತ್ರೀಯ ಪದ್ಧತಿಗಳನ್ನು ಅರಿತು, ಪಾಶ್ಚಾತ್ಯ ವಾದ್ಯಗಳಿಗೂ ಕೈಚಾಚಿದ ಈ ಗಾಯಕರು ನವೋದಯದ ಕವಿತೆಯನ್ನು ಪುಸ್ತಕ ಕೊಳ್ಳದವರ ಮನೆಗೂ ಮುಟ್ಟಿಸಿದರು. ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಹಾಡಿದ ತಟ್ಟೆಗಳು ಒಂದು ಕಾಲಕ್ಕೆ ಮದುವೆಯ ಚಪ್ಪರದಲ್ಲಿಯೂ ಮೊಳಗುತ್ತಿದ್ದವು. ಅವರ ಹೆಸರು ಮರೆತಿಲ್ಲ, ನಿಜ. ಮರೆತಿರುವುದು ಅವರ ಹಾಡುಗಳಲ್ಲಿ ಬಹುಪಾಲನ್ನು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದೊಡನೆ ಕನ್ನಡ ಭಾವಗೀತೆ ಕ್ಯಾಸೆಟ್ಟಿನ ಯುಗಕ್ಕೆ ಕಾಲಿಟ್ಟಿತು. ಆಗ ವಿದ್ಯಾರ್ಥಿಗಳಾಗಿದ್ದ ನಮಗೆ ಅದು ಹಬ್ಬ. ಆ ಸಂಭ್ರಮದಲ್ಲಿ ಕಾಳಿಂಗರಾಯರದೆಂದು ಬೆರಳೆಣಿಕೆಯ ಹಾಡುಗಳು ಮಾತ್ರ ಬಾಯಿಂದ ಬಾಯಿಗೆ ಉಳಿದವು. 1981ರಲ್ಲಿ ಅವರು ಕಣ್ಮರೆಯಾದರು. ಪ್ರಸಿದ್ಧವಾದ ಆ ನಾಲ್ಕಾರು ಹಾಡುಗಳನ್ನು ಬದಿಗಿಟ್ಟು, ಅವರು ಹಾಡಿದ ಜಾನಪದ ಗೀತೆಗಳನ್ನೂ ವಿನೋದದ ಹಾಡುಗಳನ್ನೂ ಕೇಳಿರೆಂಬುದು ನನ್ನ ಸೂಚನೆ. ಪದವನ್ನು ನುಂಗದೆ, ಅಕ್ಷರ ಅಕ್ಷರವೂ ಬಿಡಿಸಿ ಕೇಳುವಂತೆ ಹಾಡುವುದು ಹೇಗೆಂಬುದಕ್ಕೆ ಅದೊಂದು ಪಾಠ.

ಇನ್ನು ನಾನು ಹೇಳಲಿರುವುದು ಹಲವರಿಗೆ ಅಚ್ಚರಿ ತರಬಹುದು. ಮೈಸೂರಿನ ಹೆಸರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲಿ ಅಚ್ಚಳಿಯದೆ ನಿಂತಿದೆ. ಶ್ರೀ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದವರೆಂದು ನಾವು ಬಲ್ಲೆವು. ಅದಕ್ಕೂ ಮುಂಚೆ ಅವರು ಪಿಯಾನೋ ವಾದನವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಲಂಡನ್ನಿನ ಸಂಗೀತ ವಿದ್ಯಾಲಯಗಳ ಪದವಿ ಗೌರವಗಳನ್ನು ಪಡೆದವರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರರು ಕ್ರಾಂತಿಯ ನಂತರ ತಾಯ್ನಾಡನ್ನು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಬಾಳುತ್ತಿದ್ದರು. ಅವರ ಸಂಗೀತವನ್ನು ಮೆಚ್ಚಿದ ಮಹಾರಾಜರು ಧನಸಹಾಯ ಮಾಡಿ, ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, 1940ರ ದಶಕದ ಕೊನೆಯಲ್ಲಿ ಎಚ್.ಎಂ.ವಿ. ಕಂಪನಿಯ ಮೂಲಕ ಅವರ ಕೃತಿಗಳ ತಟ್ಟೆಗಳು ಹೊರಬರುವಂತೆ ಮಾಡಿದರು. ಮೂರು ಪಿಯಾನೋ ಕಂಚರ್ಟೊಗಳನ್ನೂ ಸ್ವತಃ ಮೆಟ್ನರ್ ಅವರೇ ನುಡಿಸಿದ್ದಾರೆ. ಮೂರನೆಯದನ್ನು ಅವರು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.

ಇಂದು 'ಆಲ್ಬಂ' ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಆ ಕಾಲದಲ್ಲಿ ದೀರ್ಘ ಕೃತಿಯೊಂದು ಒಂದು ತಟ್ಟೆಗೆ ಹಿಡಿಯುತ್ತಿರಲಿಲ್ಲ. ಹಲವು ತಟ್ಟೆಗಳನ್ನು ಭಾವಚಿತ್ರಗಳ ಪುಸ್ತಕದಂತೆ ಲಕೋಟೆಗಳಲ್ಲಿ ಪೋಣಿಸಿ ರಟ್ಟು ಹಾಕಿ ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಮೆಟ್ನರ್ ತಟ್ಟೆಗಳು ಅಂಥ ಆಲ್ಬಂಗಳಾಗಿಯೇ ಬಂದವು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಮೈಸೂರಿನ ನೆರವು ಎರಡು ಮೂರು ವರ್ಷ ತಡವಾಗಿದ್ದರೆ ಆ ಕೈಗಳ ನುಡಿಸಾಣಿಕೆ ಅಷ್ಟೊಂದು ಪ್ರಮಾಣದಲ್ಲಿ ಉಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ರಿಚರ್ಡ್ ಸ್ಟ್ರೌಸ್ ತಮ್ಮ ಕೊನೆಯ ದಿನಗಳಲ್ಲಿ ರಚಿಸಿದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಅದರ ಖರ್ಚಿಗೆ ಹೊಣೆ ನಿಂತವರೂ ಇದೇ ಮಹಾರಾಜರು. ಫುರ್ಟ್‌ವೆಂಗ್ಲರ್ ನಿರ್ದೇಶನ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಗಾಯನ. ಆ ಧ್ವನಿಮುದ್ರಣ ಮಹಾರಾಜರ ಸಂಗ್ರಹಕ್ಕೆಂದು ಮೈಸೂರಿಗೆ ಬಂದಿತು. ಈ ವಿಷಯ ಯುರೋಪಿನ ಸಂಗೀತ ಚರಿತ್ರಕಾರರಿಗೆ ತಿಳಿದಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣೆ. ಮೆಟ್ನರ್ ಸಂಗೀತ ಮೊದಲ ಕೇಳ್ವಿಗೆ ದಟ್ಟವೆನಿಸಬಹುದು. ಮೂರನೆಯ ಕಂಚರ್ಟೊವನ್ನು ಎರಡು ಸಲ ಕೇಳಿರಿ. ಮೂರನೆಯ ಸಲ ಅದು ತಾನಾಗಿ ಕೇಳಿಸುತ್ತದೆ.

ಪಶ್ಚಿಮದೊಡನೆ ನಮ್ಮ ಸಂಬಂಧ ಅರಮನೆಯೊಂದರ ಸ್ವತ್ತಾಗಿ ಉಳಿಯಲಿಲ್ಲವೆಂಬುದಕ್ಕೆ ಕೊನೆಯ ಉದಾಹರಣೆ 'ಜ್ಯೋತಿ' ಎಂಬ ಲಾಂಗ್ ಪ್ಲೇ ತಟ್ಟೆ. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಲಯವಾದ್ಯಗಳ ಶಾಲೆಯನ್ನು ತೆರೆದರು. ಅವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ, ರಚನಕಾರ್ತಿ. ಅಮೆರಿಕದ ಜಾಜ್ ಸ್ಯಾಕ್ಸಫೋನ್ ವಾದಕ ಚಾರ್ಲಿ ಮಾರಿಯಾನೊ ನಮ್ಮ ನಾಗಸ್ವರವನ್ನು ಅಭ್ಯಾಸ ಮಾಡಿದವರು. ಈ ಬೆಂಗಳೂರಿನ ತಂಡದೊಡನೆ ಅವರು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಗಾಗಿ ನುಡಿಸಿದ ಸಂಗೀತವೇ ಈ ತಟ್ಟೆ. ಸಾಮಾನ್ಯವಾಗಿ ಇಂಥ ಕೂಟಗಳಲ್ಲಿ ನಮ್ಮವರು ಹಿನ್ನೆಲೆಗೆ ತಾಳ ಹಾಕುವುದು, ಪರದೇಶದ ಅತಿಥಿ ಮುಂದೆ ನಿಂತು ಮೆರೆಯುವುದು ವಾಡಿಕೆ. ಇಲ್ಲಿ ಹಾಗಾಗಿಲ್ಲ. ರಾಗವೂ ಲಯವೂ ಇಲ್ಲಿಯವು. ಸ್ಯಾಕ್ಸಫೋನ್ ಅತಿಥಿಯ ವಿನಯದಿಂದ ಒಳಗೆ ಬಂದು, ರಮಾಮಣಿಯವರ ಕಂಠಕ್ಕೆ ಉತ್ತರ ಹೇಳುತ್ತ ಹೋಗುತ್ತದೆ. ಜಾಜ್ ಪ್ರಿಯರು ಯುರೋಪಿನಲ್ಲಿ ಇದನ್ನು ಆದರಿಸಿದರು. ಬೆಂಗಳೂರಿನ ಸಂಗೀತ ಸಭೆಗಳ ಮಾತುಕತೆಯಲ್ಲಿ ಇದರ ಪ್ರಸ್ತಾಪವನ್ನು ನಾನು ಕೇಳಿದ್ದು ತೀರ ಅಪರೂಪ. ಅಬ್ದುಲ್ ಕರೀಮ್ ಖಾನರ ಖರಹರಪ್ರಿಯಕ್ಕೆ ಆದ ಗತಿಯೇ ಇದಕ್ಕೂ ಆಯಿತು.

ಇಷ್ಟನ್ನೂ ಕೇಳಿದ ಮೇಲೆ, ಹಳೆಯದನ್ನು ಹೀಗೆ ಅಗೆಯುವುದರಿಂದ ಏನು ಪ್ರಯೋಜನ, ಹೊಸ ಹಾಡುಗಳೇ ಬೇಕಾದಷ್ಟಿಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಉಳಿದಿಲ್ಲ. ಆ ಚಿತ್ರದ ಹಾಡುಗಳು ಹೇಗಿದ್ದುವೆಂದು ನಾವು ಊಹಿಸಬಹುದೇ ಹೊರತು ನೋಡುತ್ತ ಕೇಳಲಾರೆವು. ಇದಕ್ಕೆ ಪ್ರತಿಯಾಗಿ 1977ರ 'ಘಟಶ್ರಾದ್ಧ'ವನ್ನು ನೋಡಿರಿ. ಬಿ. ವಿ. ಕಾರಂತರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಯಾರೋ ಶ್ರಮಪಟ್ಟು ಪ್ರತಿ ಮಾಡಿದ್ದರಿಂದ ಕಾರಂತರ ಆ ಮಿತವಾದ, ಮೌನಕ್ಕೆ ಜಾಗ ಬಿಡುವ ನಾದ ಹೊಸ ತಲೆಮಾರಿನ ಕಿವಿಗೂ ಬಿದ್ದಿತು. ಈ ಎರಡು ಚಿತ್ರಗಳ ಭಾಗ್ಯದ ನಡುವೆ ಇರುವ ಅಂತರ ಗುಣದ್ದಲ್ಲ, ಆರೈಕೆಯದು.

ಆರೈಕೆ ದೊಡ್ಡ ಸಂಸ್ಥೆಗಳ ಕೆಲಸ ಮಾತ್ರವಲ್ಲ. ನಮ್ಮ ನಾಡಿನ ಎಷ್ಟೋ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಅರಗಿನ ತಟ್ಟೆಗಳು ಇನ್ನೂ ಬಿದ್ದಿವೆ. ಹಿರಿಯರು ಹೋದ ಮೇಲೆ ಮನೆ ಖಾಲಿ ಮಾಡುವಾಗ ಅವು ಗುಜರಿಗೆ ಹೋಗುತ್ತವೆ. ದಯವಿಟ್ಟು ಹಾಗಾಗಗೊಡಬೇಡಿ. ಅವನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ತಾಕದಿರಲಿ. ಸ್ಪಿರಿಟ್ಟಿನಿಂದ ಒರೆಸಬೇಡಿ, ಅದರಲ್ಲಿ ಅರಗು ಕರಗುತ್ತದೆ. ಹಳೆಯ ಪೆಟ್ಟಿಗೆಗೆ ಕೀಲಿ ಕೊಟ್ಟು ಉಕ್ಕಿನ ಮುಳ್ಳಿನಿಂದ ಮತ್ತೆ ಮತ್ತೆ ಹಾಡಿಸಬೇಡಿ, ಪ್ರತಿಸಲವೂ ಗೀರು ಸವೆಯುತ್ತದೆ. ಇಂಥ ತಟ್ಟೆಗಳನ್ನು ಹಾಳಾಗದಂತೆ ಪ್ರತಿ ಮಾಡಬಲ್ಲ ಸಂಗ್ರಾಹಕರು, ಅಭಿಲೇಖಾಲಯಗಳು ಇಂದು ಇವೆ. ತಟ್ಟೆಯ ನಡುವಿನ ಕಾಗದದ ಮೇಲೆ ಅಚ್ಚಾದ ಹೆಸರು, ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಜೊತೆಗೆ ಇನ್ನೊಂದು ಕೆಲಸ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ದೊಡ್ಡಪ್ಪನೋ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಳೆಯನ್ನು ಓದಿ ಹೇಳಿ. ಆ ತಟ್ಟೆಯನ್ನು ಕೊಂಡವರು ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಹಾಕುತ್ತಿದ್ದರು ಎಂಬುದು ಅವರಿಗೆ ನೆನಪಿರುತ್ತದೆ. ಕಂಪನಿಯ ಪಟ್ಟಿಯಲ್ಲಿ ಸಿಗದ ಆ ಮಾತನ್ನೂ ಅದೇ ಹಾಳೆಯ ಕೆಳಗೆ ಬರೆದು, ತಟ್ಟೆಯ ಲಕೋಟೆಯೊಳಗೆ ಸೇರಿಸಿಡಿ.